ನಲ್ಲಿಯ ನೀರು: ಗಡಸುತನವೇ ಬೇರೆ, ಮಾಲಿನ್ಯವೇ ಬೇರೆ

(ಉಪನ್ಯಾಸದ ಪಾಠ)



ಎಷ್ಟು ಹೊತ್ತು ಕುದಿಸಿದರೂ ತೊಗರಿಬೇಳೆ ಮೆತ್ತಗಾಗದೆ ಉಳಿಯುವುದು, ಬಚ್ಚಲಿನಲ್ಲಿ ಸಾಬೂನು ತಿಕ್ಕಿದಷ್ಟೂ ನೊರೆ ಬಾರದೆ ಬಿಳಿಯ ಗಸಿ ಕೂಡುವುದು, ನೀರು ಕಾಯಿಸುವ ಹಂಡೆಯ ತಳದಲ್ಲಿ ಸುಣ್ಣದ ಹಕ್ಕಳೆ ಕಟ್ಟುವುದು, ಇವೆಲ್ಲ ಬಯಲುಸೀಮೆಯ ಗೃಹಿಣಿಯರಿಗೆ ಹೊಸ ಅನುಭವಗಳಲ್ಲ. ಸಿಹಿನೀರು, ಸವುಳು ನೀರು, ಗಡಸು ನೀರು ಎಂಬ ಮಾತುಗಳು ನಮ್ಮ ಭಾಷೆಯಲ್ಲಿ ರಸಾಯನಶಾಸ್ತ್ರಕ್ಕಿಂತ ಬಹು ಹಿಂದೆಯೇ ರೂಢಿಯಲ್ಲಿದ್ದವು. ಯಾವ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತದೆ, ಯಾವುದರಲ್ಲಿ ಬೇಯುವುದಿಲ್ಲ ಎಂಬುದು ಊರಿನ ಹಿರಿಯರಿಗೆಲ್ಲ ತಿಳಿದಿತ್ತು.

ಆದರೆ ಈ ಅನುಭವಜ್ಞಾನದಿಂದ ಒಂದು ತಪ್ಪು ತೀರ್ಮಾನಕ್ಕೂ ದಾರಿಯಾಗಿದೆ. ಬೇಳೆ ಬೇಯಿಸುವ ನೀರು ಕುಡಿಯಲು ನಿರಪಾಯಕಾರಿ, ಬೇಯಿಸದ ನೀರು ರೋಗಕಾರಕ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಗಡಸುತನ ಮತ್ತು ಮಾಲಿನ್ಯ ಎರಡು ಪ್ರತ್ಯೇಕ ಸಂಗತಿಗಳು. ಒಂದನ್ನು ಕಣ್ಣು, ಕೈ, ನಾಲಗೆಗಳು ಗುರುತಿಸಬಲ್ಲವು; ಇನ್ನೊಂದನ್ನು ಬಹುಮಟ್ಟಿಗೆ ಗುರುತಿಸಲಾರವು. ಒಂದಕ್ಕೆ ಮಾಡುವ ಪರಿಹಾರ ಇನ್ನೊಂದಕ್ಕೆ ಪರಿಹಾರವಾಗುವುದಿಲ್ಲ. ಈ ವ್ಯತ್ಯಾಸವನ್ನು ಮನಗಾಣದೆ ಹೋದರೆ ಹಣವೂ ವ್ಯರ್ಥ, ಆರೋಗ್ಯವೂ ಅಪಾಯಕ್ಕೆ ಗುರಿ. ಇದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಇಂದಾಪುರದ ಎರಡು ಬಗೆಯ ನೀರು

ವಿಷಯವನ್ನು ಸ್ಪಷ್ಟಪಡಿಸಲು ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪುಣೆ–ಸೋಲಾಪುರ ಹೆದ್ದಾರಿಯಲ್ಲಿರುವ ಈ ಪ್ರದೇಶ ಕಡಿಮೆ ಮಳೆಯ ನಾಡು. ಉತ್ತರಕ್ಕೆ ಭೀಮಾ ನದಿ, ದಕ್ಷಿಣಕ್ಕೆ ನೀರಾ ನದಿ. ತಾಲ್ಲೂಕಿನ ಆಗ್ನೇಯ ತುದಿಯ ನರಸಿಂಗಪುರದಲ್ಲಿ ಎರಡೂ ಸಂಗಮಿಸುತ್ತವೆ. ಭೀಮಾ ನದಿಗೆ ಸೋಲಾಪುರ ಜಿಲ್ಲೆಯ ಉಜನಿಯಲ್ಲಿ ಕಟ್ಟಿದ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. ಯಶವಂತಸಾಗರವೆಂದು ಹೆಸರಾದ ಈ ಜಲಾಶಯದ ಒಟ್ಟು ಸಂಗ್ರಹ ಸಾಮರ್ಥ್ಯ ಸುಮಾರು 117 ಟಿ.ಎಂ.ಸಿ. ಇದರ ಹಿನ್ನೀರು ಇಂದಾಪುರ ತಾಲ್ಲೂಕಿನ ಉತ್ತರದ ಅಂಚಿನುದ್ದಕ್ಕೂ ಹರಡಿಕೊಂಡಿದೆ. ಭಿಗವಣದ ಬಳಿ ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವುದು ಈ ಹಿನ್ನೀರಿಗೇ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಪಳಸದೇವದ ಹಳೆಯ ಶಿವಾಲಯ ಮೇಲಕ್ಕೆ ಕಾಣಿಸಿಕೊಳ್ಳುವುದೂ ಇಲ್ಲಿಯೇ.

ಇಂತಹ ಪ್ರದೇಶದಲ್ಲಿ ಎರಡು ಬಗೆಯ ನೀರು ದೊರೆಯುತ್ತದೆ. ನದಿ, ಕಾಲುವೆ, ಜಲಾಶಯಗಳ ಮೇಲ್ಮೈ ನೀರು ಒಂದು. ಬಾವಿ ಮತ್ತು ಕೊಳವೆಬಾವಿಗಳ ಅಂತರ್ಜಲ ಇನ್ನೊಂದು. ಇವುಗಳ ಗುಣದೋಷಗಳು ಒಂದೇ ಅಲ್ಲ.

ಇಂದಾಪುರದ ನೆಲದಡಿಯಲ್ಲಿರುವುದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಶಿಲೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ಉಂಟಾದ ಶಿಲೆ ಇದು. ಮಳೆಯ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸ್ವಲ್ಪ ಆಮ್ಲೀಯವಾಗುತ್ತದೆ. ಆ ನೀರು ಬಸಾಲ್ಟಿನ ಬಿರುಕುಗಳಲ್ಲಿ ನಿಧಾನವಾಗಿ ಸಂಚರಿಸುತ್ತ ಶಿಲೆಯಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಧಾತುಗಳನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ಬಾವಿಯ ನೀರು ಸಾಮಾನ್ಯವಾಗಿ ಗಡಸು. ಕಬ್ಬಿನ ಗದ್ದೆಗಳಿಗೆ ಹಾಯಿಸಿದ ನೀರು ಆವಿಯಾಗಿ ಲವಣಗಳನ್ನು ಹಿಂದೆ ಬಿಟ್ಟು, ಉಳಿದದ್ದು ಮತ್ತೆ ಅಂತರ್ಜಲಕ್ಕೆ ಇಳಿಯುವುದರಿಂದ ಲವಣಾಂಶ ಇನ್ನಷ್ಟು ಏರುತ್ತದೆ. ಜೊತೆಗೆ ರಸಗೊಬ್ಬರದ ನೈಟ್ರೇಟ್ ಕೂಡ ಸೇರುತ್ತದೆ.

ಇದಕ್ಕೆ ಹೋಲಿಸಿದರೆ ಜಲಾಶಯದ ನೀರಿನ ಬಹುಪಾಲು ಸಹ್ಯಾದ್ರಿಯ ಮಳೆನೀರು. ಶಿಲೆಯೊಡನೆ ಅದರ ಸಂಪರ್ಕ ಅಲ್ಪಕಾಲದ್ದು. ಹೀಗಾಗಿ ಬಾವಿಯ ನೀರಿಗಿಂತ ಮೆದುವಾಗಿರುವುದೇ ಸಾಮಾನ್ಯ. ಆದರೆ ಅದು ಬರುವ ದಾರಿಯನ್ನು ಗಮನಿಸಬೇಕು. ಭೀಮಾಶಂಕರದಲ್ಲಿ ಹುಟ್ಟುವ ಭೀಮೆಗೆ ಇಂದ್ರಾಯಣಿ, ಮುಳಾ–ಮುಠಾ, ಘೋಡ್ ನದಿಗಳು ಸೇರುತ್ತವೆ. ಪುಣೆ ಮತ್ತು ಪಿಂಪ್ರಿ–ಚಿಂಚವಾಡ ನಗರಗಳ ತ್ಯಾಜ್ಯ ನೀರಿನ ಒಂದು ಭಾಗ ಈ ಉಪನದಿಗಳ ಮೂಲಕ ಉಜನಿಯನ್ನು ತಲುಪುತ್ತದೆ. ಜಲಾಶಯದಲ್ಲಿ ಪಾಚಿ ಮತ್ತು ಅಂತರಗಂಗೆ ಬೆಳೆಯುವುದಕ್ಕೆ ಇದೇ ಮುಖ್ಯ ಕಾರಣ. ಅಂದರೆ, ಸಾಬೂನಿಗೆ ಒಳ್ಳೆಯ ನೊರೆ ಕೊಡುವ ನೀರೇ ರೋಗಾಣುಗಳ ದೃಷ್ಟಿಯಿಂದ ಹೆಚ್ಚು ಎಚ್ಚರಿಕೆಯನ್ನು ಬೇಡುತ್ತದೆ. ನೊರೆ ಕೊಡದ ಬಾವಿಯ ನೀರು ಕೆಲವೊಮ್ಮೆ ಅದಕ್ಕಿಂತ ನಿರ್ಮಲವಾಗಿರಬಹುದು. ಹೀಗೆ ಒಂದೇ ತಾಲ್ಲೂಕಿನೊಳಗೇ ಗಡಸುತನ ಬೇರೆ, ಮಾಲಿನ್ಯ ಬೇರೆ ಎಂಬುದು ಕಾಣಬರುತ್ತದೆ.

ಈ ಸಂಗತಿ ಕನ್ನಡಿಗರಿಗೆ ದೂರದ್ದೇನೂ ಅಲ್ಲ. ಕನ್ನಡ ಮಾತನಾಡುವವರು ಗಣನೀಯ ಸಂಖ್ಯೆಯಲ್ಲಿರುವ ಸೋಲಾಪುರ ನಗರಕ್ಕೆ ಉಜನಿಯಿಂದಲೇ ಕುಡಿಯುವ ನೀರು ಪೂರೈಕೆಯಾಗುತ್ತದೆ. ಅದೇ ಭೀಮೆ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ವಿಜಯಪುರ, ಬೀದರ್ ಜಿಲ್ಲೆಗಳಲ್ಲಿಯೂ ಬೆಳಗಾವಿ ಮತ್ತು ಕಲಬುರಗಿಯ ಬಹುಭಾಗದಲ್ಲಿಯೂ ನೆಲದಡಿ ಇರುವುದು ಇದೇ ಬಸಾಲ್ಟ್ ಶಿಲೆ.

ಗಡಸುತನವೆಂದರೇನು?

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ಸಾಬೂನು ಕೊಬ್ಬಿನಾಮ್ಲಗಳ ಸೋಡಿಯಂ ಲವಣ. ಗಡಸು ನೀರಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಗಸಿಯಾಗುತ್ತದೆ. ಇರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೆಲ್ಲ ಹೀಗೆ ತೀರಿದ ಮೇಲಷ್ಟೇ ನೊರೆ ಬರುತ್ತದೆ. ಅಲ್ಲಿಯವರೆಗೆ ಕರಗಿದ ಸಾಬೂನು ವ್ಯರ್ಥ. ಬಟ್ಟೆ ಒಗೆಯುವ ಕೃತಕ ಮಾರ್ಜಕಗಳು ಈ ರೀತಿ ಗಸಿಯಾಗುವುದಿಲ್ಲ. ಆದ್ದರಿಂದ ಅವು ಗಡಸು ನೀರಿನಲ್ಲಿಯೂ ನೊರೆ ಕೊಡುತ್ತವೆ.

ಗಡಸುತನದಲ್ಲಿ ಎರಡು ವಿಧ. ಬೈಕಾರ್ಬೊನೇಟ್ ರೂಪದ ಲವಣಗಳಿಂದ ಬರುವುದು ತಾತ್ಕಾಲಿಕ ಗಡಸುತನ. ನೀರು ಕುದಿಸಿದಾಗ ಇದು ಸುಣ್ಣದ ಕಾರ್ಬೊನೇಟಾಗಿ ಒತ್ತರಿಸಿ ಪಾತ್ರೆಯ ತಳಕ್ಕೆ ಕೂಡುತ್ತದೆ. ಹಂಡೆಯ ಹಕ್ಕಳೆ ಎಂದರೆ ಇದೇ. ಸಲ್ಫೇಟ್, ಕ್ಲೋರೈಡ್ ರೂಪದ ಲವಣಗಳಿಂದ ಬರುವುದು ಶಾಶ್ವತ ಗಡಸುತನ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಸುಣ್ಣವನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿಯೂ ತಾತ್ಕಾಲಿಕ ಗಡಸುತನವನ್ನು ನಿವಾರಿಸಬಹುದು. ಸ್ಕಾಟ್ಲೆಂಡಿನ ಆಬರ್ಡೀನ್ ನಗರದ ರಸಾಯನಶಾಸ್ತ್ರ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ 1841ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಸಾಬೂನಿನ ದ್ರಾವಣದಿಂದ ಗಡಸುತನವನ್ನು ಅಳೆಯುವ ಕ್ರಮವನ್ನು ರೂಪಿಸಿದವರೂ ಅವರೇ.

ಬೇಳೆ ಬೇಯದಿರುವುದಕ್ಕೂ ಕ್ಯಾಲ್ಸಿಯಮೇ ಕಾರಣ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಕ್ಯಾಲ್ಸಿಯಂ ಬಿಗಿಗೊಳಿಸುತ್ತದೆ. ಹೀಗಾಗಿ ಕಾಳು ಸಡಿಲಗೊಂಡು ಅರಳಲು ಹೆಚ್ಚು ಹೊತ್ತು ಮತ್ತು ಹೆಚ್ಚು ಇಂಧನ ಬೇಕಾಗುತ್ತದೆ.

ಅಳತೆ ಮತ್ತು ಮಾನದಂಡ

ಗಡಸುತನವನ್ನು ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಲವಣವಿದೆ ಎಂಬ ಲೆಕ್ಕದಲ್ಲಿ ಹೇಳಲಾಗುತ್ತದೆ. ಸಾಮಾನ್ಯ ವರ್ಗೀಕರಣದಂತೆ 60 ಮಿಲಿಗ್ರಾಂವರೆಗೆ ಮೆದು ನೀರು, 61ರಿಂದ 120ರವರೆಗೆ ಸಾಧಾರಣ ಗಡಸು, 121ರಿಂದ 180ರವರೆಗೆ ಗಡಸು, ಅದಕ್ಕೂ ಮೇಲ್ಪಟ್ಟರೆ ಅತಿ ಗಡಸು.

ನಮ್ಮ ದೇಶದಲ್ಲಿ ಕುಡಿಯುವ ನೀರಿನ ಮಾನಕ, ಅಂದರೆ ಐ.ಎಸ್. 10500, ಮೊದಲು ಪ್ರಕಟವಾದದ್ದು 1983ರಲ್ಲಿ. ಬಳಿಕ 1991ರಲ್ಲಿಯೂ 2012ರಲ್ಲಿಯೂ ಅದನ್ನು ಪರಿಷ್ಕರಿಸಲಾಯಿತು. 1991ರ ಮಾನಕದಲ್ಲಿ ಗಡಸುತನದ ಅಪೇಕ್ಷಣೀಯ ಮಿತಿ 300 ಮಿಲಿಗ್ರಾಂ ಇತ್ತು. 2012ರಲ್ಲಿ ಅದನ್ನು 200ಕ್ಕೆ ಇಳಿಸಲಾಯಿತು. ಬೇರೆ ಜಲಮೂಲವಿಲ್ಲದ ಕಡೆ 600 ಮಿಲಿಗ್ರಾಂವರೆಗೆ ಅನುಮತಿಯಿದೆ. ಕರಗಿದ ಒಟ್ಟು ಲವಣಾಂಶಕ್ಕೆ 500 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಲ್ಲಿ 2000 ಮಿಲಿಗ್ರಾಂ ಎಂದು ನಿಗದಿಯಾಗಿದೆ.

ಇಲ್ಲಿ ಒಂದು ಸಂಗತಿ ಗಮನಾರ್ಹ. ಗಡಸುತನಕ್ಕೂ ಒಟ್ಟು ಲವಣಾಂಶಕ್ಕೂ ಹೀಗೆ ಎರಡು ಮಿತಿಗಳುಂಟು. ಆದರೆ ನೈಟ್ರೇಟಿಗೆ 45 ಮಿಲಿಗ್ರಾಂ ಎಂಬ ಒಂದೇ ಮಿತಿ. ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ಮಲಮೂಲದ ಇ. ಕೋಲಿ ಬ್ಯಾಕ್ಟೀರಿಯ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು. ಅಂದರೆ ಯಾವುದು ಅನಾನುಕೂಲ, ಯಾವುದು ಅಪಾಯ ಎಂಬುದನ್ನು ಮಾನಕವೇ ವಿಂಗಡಿಸಿ ತೋರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ಯಾವುದೇ ಮಿತಿಯನ್ನು ಗೊತ್ತುಪಡಿಸಿಲ್ಲ.

ಮನೆಯಲ್ಲಿ ಮಾಡಬಹುದಾದ ಸಾಬೂನಿನ ಪರೀಕ್ಷೆ

ಗಡಸುತನವನ್ನು ಅಂದಾಜು ಮಾಡಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಒಂದೇ ಅಳತೆಯ, ಬಿರಡೆಯುಳ್ಳ ಮೂರು ಪಾರದರ್ಶಕ ಶೀಶೆಗಳು, ಔಷಧಿಯ ತೊಟ್ಟು ಹಾಕುವ ಒಂದು ನಳಿಕೆ, ಸ್ವಲ್ಪ ಸಾಬೂನು ಇದ್ದರೆ ಸಾಕು. ಮಾರ್ಜಕದ ಪುಡಿಯಾಗಲಿ ಶಾಂಪೂ ಆಗಲಿ ಈ ಪರೀಕ್ಷೆಗೆ ಒದಗುವುದಿಲ್ಲ. ನಿಜವಾದ ಸಾಬೂನೇ ಬೇಕು. ಸಾಬೂನಿನ ತೆಳುವಾದ ಹೆರೆಗಳನ್ನು ಮಳೆನೀರಿನಲ್ಲಿ ಬೆಚ್ಚಗೆ ಮಾಡಿ ಕರಗಿಸಿ, ಬಟ್ಟೆಯಲ್ಲಿ ಸೋಸಿಟ್ಟುಕೊಳ್ಳಬೇಕು. ಮಳೆ ಬರತೊಡಗಿ ಅರ್ಧ ಗಂಟೆ ಕಳೆದ ಮೇಲೆ ಬಯಲಿನಲ್ಲಿ ಹಿಡಿದ ನೀರು ಉತ್ತಮ. ಅದಿಲ್ಲದಿದ್ದರೆ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರನ್ನು ಬಳಸಬಹುದು. ಆದರೆ ಅದನ್ನು ಕುಡಿಯಬಾರದು.

ಮೊದಲ ಶೀಶೆಯಲ್ಲಿ ಮಳೆನೀರು, ಎರಡನೆಯದರಲ್ಲಿ ನಲ್ಲಿಯ ನೀರು, ಮೂರನೆಯದರಲ್ಲಿ ಹದಿನೈದು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡ ನಲ್ಲಿಯ ನೀರು ಇರಲಿ. ಕುದಿಯುವಾಗ ಆವಿಯಾದಷ್ಟು ಮಳೆನೀರನ್ನು ಸೇರಿಸಿ ಪ್ರಮಾಣವನ್ನು ಸರಿಪಡಿಸಿಕೊಳ್ಳಬೇಕು. ಮೂರರಲ್ಲೂ ನೀರಿನ ಅಳತೆ ಸಮನಾಗಿರಬೇಕು. ಅನಂತರ ಪ್ರತಿಯೊಂದಕ್ಕೂ ಸಾಬೂನಿನ ದ್ರಾವಣವನ್ನು ತೊಟ್ಟು ತೊಟ್ಟಾಗಿ ಹಾಕುತ್ತ, ಪ್ರತಿ ಬಾರಿಯೂ ಬಲವಾಗಿ ಕುಲುಕಬೇಕು. ಮೇಲೆ ಎದ್ದ ನೊರೆ ಐದು ನಿಮಿಷ ಇಳಿಯದೆ ನಿಂತಾಗ ಒಟ್ಟು ಎಷ್ಟು ತೊಟ್ಟು ಹಿಡಿಯಿತೆಂದು ಬರೆದುಕೊಳ್ಳಬೇಕು.

ಉದಾಹರಣೆಗೆ ಮಳೆನೀರಿಗೆ 5 ತೊಟ್ಟು, ನಲ್ಲಿಯ ನೀರಿಗೆ 45 ತೊಟ್ಟು, ಕುದಿಸಿದ ನೀರಿಗೆ 20 ತೊಟ್ಟು ಬೇಕಾಯಿತೆಂದು ಇಟ್ಟುಕೊಳ್ಳೋಣ. ನೊರೆ ಬರಲು ಹೇಗೂ ಬೇಕಾದ 5 ತೊಟ್ಟುಗಳನ್ನು ಕಳೆದರೆ ನಲ್ಲಿಯ ನೀರಿನ ಒಟ್ಟು ಗಡಸುತನ 40 ಪಾಲು. ಕುದಿಸಿದ ಮೇಲೆ ಉಳಿದದ್ದು 15 ಪಾಲು. ಇದು ಶಾಶ್ವತ ಗಡಸುತನ. ಹೋದ 25 ಪಾಲು ತಾತ್ಕಾಲಿಕ. ಇದು ಸ್ಥೂಲ ಲೆಕ್ಕವಾದರೂ, ಈ ಮನೆಯ ನೀರಿಗೆ ಕುದಿಸುವುದರಿಂದ ಎಷ್ಟರಮಟ್ಟಿಗೆ ಪ್ರಯೋಜನ ಎಂಬುದನ್ನು ತಿಳಿಸುತ್ತದೆ. ಬೋರ್‌ವೆಲ್ಲಿನ ನೀರಿಗೂ ನಲ್ಲಿಯ ನೀರಿಗೂ ಇದೇ ದ್ರಾವಣದಿಂದ ಹೋಲಿಕೆ ಮಾಡಬಹುದು. ಶಾಲೆಗಳ ವಿಜ್ಞಾನದ ತರಗತಿಗೂ ಇದು ಯೋಗ್ಯವಾದ ಪ್ರಯೋಗ.

ನಿಖರವಾದ ಅಂಕಿ ಬೇಕಾದರೆ ಪ್ರಯೋಗಾಲಯಕ್ಕೆ ಹೋಗಬೇಕು, ಇಲ್ಲವೇ ಪರೀಕ್ಷಾ ಪೆಟ್ಟಿಗೆಯನ್ನು ಬಳಸಬೇಕು. ಅದರಲ್ಲಿ ನೀರಿಗೆ ಒಂದು ಸೂಚಕವನ್ನು ಹಾಕಿದಾಗ ಕೆಂಪು ದ್ರಾಕ್ಷಾರಸದ ಬಣ್ಣ ಬರುತ್ತದೆ, ಇ.ಡಿ.ಟಿ.ಎ. ಎಂಬ ರಾಸಾಯನಿಕದ ದ್ರಾವಣವನ್ನು ತೊಟ್ಟಿಕ್ಕಿಸುತ್ತ ಹೋದಂತೆ ಬಣ್ಣ ನೀಲಿಗೆ ತಿರುಗುತ್ತದೆ. ಹಿಡಿದ ತೊಟ್ಟುಗಳಿಂದ ಗಡಸುತನವನ್ನು ಲೆಕ್ಕ ಹಾಕಲಾಗುತ್ತದೆ.

ಗಡಸು ನೀರಿನಿಂದಾಗುವ ನಷ್ಟ

ಗಡಸುತನದ ಹೊರೆ ಮುಖ್ಯವಾಗಿ ಆರ್ಥಿಕವಾದುದು. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ 20 ಲೀಟರಿನ ಒಂದು ಬಕೆಟ್ ನೀರಿನಲ್ಲಿ 6 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಲವಣವಿರುತ್ತದೆ. ಅಷ್ಟನ್ನೂ ತೀರಿಸಿ ನೊರೆ ಬರಿಸಲು ಸುಮಾರು 36 ಗ್ರಾಂ ಸಾಬೂನು ಗಸಿಯಾಗಿ ಹೋಗುತ್ತದೆಂದು ರಸಾಯನಶಾಸ್ತ್ರದ ಲೆಕ್ಕ ತಿಳಿಸುತ್ತದೆ. ಅದೇ 100 ಮಿಲಿಗ್ರಾಂ ಗಡಸುತನದ ನೀರಾದರೆ 12 ಗ್ರಾಂ ಸಾಕು.

ನೀರು ಕಾಯಿಸುವ ಪಾತ್ರೆಗಳ ವಿಷಯವೂ ಹಾಗೆಯೇ. ತಾತ್ಕಾಲಿಕ ಗಡಸುತನ 200 ಮಿಲಿಗ್ರಾಂ ಇರುವ ನೀರನ್ನು ಒಂದು ಕುಟುಂಬ ದಿನಕ್ಕೆ 50 ಲೀಟರ್ ಕುದಿಸಿದರೆ ಹೆಚ್ಚೆಂದರೆ 10 ಗ್ರಾಂ ಸುಣ್ಣ ಬೇರ್ಪಡುತ್ತದೆ. ವರ್ಷಕ್ಕೆ ಅದು ಮೂರೂವರೆ ಕಿಲೋಗ್ರಾಂ ದಾಟುತ್ತದೆ. ಗೀಸರುಗಳಲ್ಲಿ ನೀರು ಕುದಿಯುವ ಮಟ್ಟಕ್ಕೆ ಕಾಯದ ಕಾರಣ ಇದರ ಒಂದು ಭಾಗ ಮಾತ್ರ ಒಳಗೆ ಕೂಡುತ್ತದೆ. ಆದರೂ ಆ ಪದರ ಶಾಖವನ್ನು ತಡೆದು ವಿದ್ಯುತ್ತಿನ ಖರ್ಚನ್ನು ಹೆಚ್ಚಿಸುತ್ತದೆ. ಹಕ್ಕಳೆಯನ್ನು ತೆಗೆಯಲು ಯಾವ ವಿಶೇಷ ಔಷಧವೂ ಬೇಕಿಲ್ಲ. ಪಾತ್ರೆಗಳಿಗೆ ಹುಣಸೆಹುಳಿ, ನಿಂಬೆರಸ ಅಥವಾ ವಿನೆಗರ್ ಸಾಕಾಗುತ್ತದೆ.

ಆರೋಗ್ಯದ ವಿಷಯಕ್ಕೆ ಬಂದರೆ, ಗಡಸು ನೀರಿನಿಂದಲೇ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಹಂಡೆಯಲ್ಲಿ ಸುಣ್ಣ ಕೂಡುವುದನ್ನು ಕಂಡ ಕಣ್ಣಿಗೆ ಇದು ಸಹಜವೆನ್ನಿಸಬಹುದು. ಆದರೆ ದೇಹದೊಳಗಿನ ಕ್ರಿಯೆ ಹಂಡೆಯೊಳಗಿನ ಕ್ರಿಯೆಯಲ್ಲ. ವೈಜ್ಞಾನಿಕ ಅಧ್ಯಯನಗಳು ಈ ನಂಬಿಕೆಗೆ ಸ್ಪಷ್ಟ ಸಮರ್ಥನೆ ನೀಡಿಲ್ಲ. ಬೆವರು ಹೆಚ್ಚಾಗಿ ಹರಿಯುವ ನಾಡಿನಲ್ಲಿ ಸಾಕಷ್ಟು ನೀರು ಕುಡಿಯದಿರುವುದೇ ಕಲ್ಲಾಗಲು ಹೆಚ್ಚು ಅನುವು ಮಾಡಿಕೊಡುತ್ತದೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ದೇಹಕ್ಕೆ ಬೇಕಾದ ಪೋಷಕಾಂಶಗಳೇ ಆಗಿವೆ.

ಕಣ್ಣಿಗೆ ಕಾಣದ ಅಪಾಯ

ಇನ್ನು ಎರಡನೆಯ ಪ್ರಶ್ನೆ, ಮಾಲಿನ್ಯದ್ದು. 2025ರ ಜನವರಿಯಲ್ಲಿ ಪುಣೆ ನಗರದ ಸಿಂಹಗಡ ರಸ್ತೆಯ ಪ್ರದೇಶದಲ್ಲಿ ಜಿ.ಬಿ.ಎಸ್. ಎಂಬ ನರಸಂಬಂಧಿ ಕಾಯಿಲೆಯ ಪ್ರಕರಣಗಳು ಒಮ್ಮೆಲೇ ಹೆಚ್ಚಿದವು. ಕೈಕಾಲುಗಳ ಬಲಹೀನತೆಯಿಂದ ಆರಂಭವಾಗುವ ಈ ಕಾಯಿಲೆ ಕೆಲವರಲ್ಲಿ ಕರುಳಿನ ಸೋಂಕಿನ ಬೆನ್ನಿಗೆ ಕಾಣಿಸಿಕೊಳ್ಳುತ್ತದೆ. ಹಲವು ರೋಗಿಗಳ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಪತ್ತೆಯಾಯಿತು. ಕುಡಿಯುವ ನೀರಿನ ಮೇಲೆ ಸಂಶಯ ಹೋಯಿತು. ನೀರನ್ನು ಕುದಿಸಿ ಕುಡಿಯುವಂತೆ ನಾಗರಿಕರಿಗೆ ಸೂಚಿಸಲಾಯಿತು. ಭೀಮೆ–ಕೃಷ್ಣೆಯರ ಸಂಗಮವಿರುವ ರಾಯಚೂರು ಜಿಲ್ಲೆಯ ಕೇಂದ್ರವಾದ ರಾಯಚೂರು ನಗರದಲ್ಲಿ 2022ರ ಮೇ ತಿಂಗಳ ಕೊನೆಯಲ್ಲಿ ಕಲುಷಿತ ನೀರಿನಿಂದ ಅನೇಕರು ವಾಂತಿಭೇದಿಗೆ ತುತ್ತಾದರು, ಜೀವಹಾನಿಯೂ ಸಂಭವಿಸಿತು.

ಈ ಎರಡೂ ಸಂದರ್ಭಗಳಲ್ಲಿ ಜನರನ್ನು ಕಾಡಿದ್ದು ಗಡಸುತನವಲ್ಲ. ಸಾಬೂನಿನ ಪರೀಕ್ಷೆಯಲ್ಲಿ ಆ ನೀರು ಮೇಲ್ದರ್ಜೆಯದೆಂದು ತೇರ್ಗಡೆಯಾಗಿದ್ದರೂ ಆಶ್ಚರ್ಯವಿಲ್ಲ.

ನಮ್ಮ ಅನೇಕ ಊರುಗಳಲ್ಲಿ ನಲ್ಲಿಯ ನೀರು ದಿನವಿಡೀ ಬರುವುದಿಲ್ಲ. ಪೂರೈಕೆ ನಿಂತಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ. ಆಗ ಸಡಿಲ ಕೀಲುಗಳ ಮೂಲಕ ಹೊರಗಿನ ಚರಂಡಿಯ ನೀರು ಒಳಕ್ಕೆ ಸೆಳೆಯಲ್ಪಡಬಹುದು. ಆದ್ದರಿಂದ ನೀರು ಬಿಟ್ಟ ಕೂಡಲೇ ಬರುವ ಮೊದಲ ಕೆಲವು ನಿಮಿಷಗಳ ನೀರನ್ನು ಕುಡಿಯಲು ಹಿಡಿಯದೆ ಗಿಡಗಳಿಗೋ ಅಂಗಳಕ್ಕೋ ಬಳಸುವುದು ಲೇಸು.

ಈ ಸೋಂಕನ್ನು ತಡೆಯಲೆಂದೇ ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ. ನೀರಿನಲ್ಲಿ ಬರುವ ಅದರ ನವಿರಾದ ವಾಸನೆಯನ್ನು ಅನೇಕರು ದೋಷವೆಂದು ಎಣಿಸುತ್ತಾರೆ; ಅದು ರಕ್ಷಣೆಯ ಗುರುತು. ಒಂದು ತೊಟ್ಟು ರಾಸಾಯನಿಕ ಹಾಕಿದಾಗ ಮೂಡುವ ಬಣ್ಣದಿಂದ ಉಳಿಕೆ ಕ್ಲೋರಿನ್ ಪ್ರಮಾಣವನ್ನು ತಿಳಿಸುವ ಸಣ್ಣ ಪೆಟ್ಟಿಗೆಗಳು ಸುಲಭವಾಗಿ ದೊರೆಯುತ್ತವೆ. ಗಡಸುತನಕ್ಕೆ ಸಾಬೂನು ಹೇಗೋ, ಸೋಂಕಿನ ವಿಷಯದಲ್ಲಿ ಈ ಕ್ಲೋರಿನ್ ಪರೀಕ್ಷೆ ಹಾಗೆ ಮನೆಯ ಮೊದಲ ಪರೀಕ್ಷೆಯಾಗಬೇಕು.

ಇನ್ನೊಂದು ಉಪಯುಕ್ತ ಸಾಧನವೆಂದರೆ ಹೈಡ್ರೋಜನ್ ಸಲ್ಫೈಡ್ ಶೀಶೆ. 1982ರಲ್ಲಿ ಭಾರತದ ವಿಜ್ಞಾನಿಗಳೇ ಪ್ರಕಟಿಸಿದ ವಿಧಾನವಿದು. ಶೀಶೆಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಸ್ಥಳದಲ್ಲಿ ಒಂದೆರಡು ದಿನ ಇಡಲಾಗುತ್ತದೆ. ಒಳಗಿನ ಕಾಗದ ಅಥವಾ ನೀರು ಕಪ್ಪಾದರೆ ಮಲಮೂಲದ ಬ್ಯಾಕ್ಟೀರಿಯದ ಸಂಶಯವಿದೆಯೆಂದು ಅರ್ಥ. ಕಪ್ಪಾದ ಶೀಶೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಶುದ್ಧಗೊಳಿಸಿದ ಮೇಲೆಯೇ ಎಸೆಯಬೇಕು.

ರೋಗಾಣುಗಳ ಜೊತೆಗೆ ಕಾಣದ ರಾಸಾಯನಿಕಗಳೂ ಉಂಟು. ನೈಟ್ರೇಟ್ ಅಧಿಕವಾದ ನೀರಿನಿಂದ ಆರು ತಿಂಗಳೊಳಗಿನ ಹಸುಳೆಗಳಿಗೆ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತದ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗುವಿನ ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಫ್ಲೋರೈಡಿನ ಸಂಗತಿಯೂ ಹಾಗೆಯೇ. ಅದಕ್ಕೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಮಿತಿ. ಪಾವಗಡ, ಕೋಲಾರದ ಕಡೆಯ ಜನರಿಗೆ ಅದರ ದುಷ್ಪರಿಣಾಮ ಚೆನ್ನಾಗಿ ತಿಳಿದಿದೆ. ಕ್ಯಾಲ್ಸಿಯಂ ಕಡಿಮೆಯಿರುವ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ ಕರಗಿ ಉಳಿಯಬಲ್ಲದು ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ. ಅಂದರೆ ಮೆದು ನೀರೆಂದ ಮಾತ್ರಕ್ಕೆ ಒಳ್ಳೆಯ ನೀರೆಂದು ತಿಳಿಯಬಾರದು.

ಯಂತ್ರ ಕೊಳ್ಳುವ ಮುನ್ನ

ಇಂದು ನಗರಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ನೀರು ಶುದ್ಧೀಕರಣ ಯಂತ್ರಗಳ ಮಾರಾಟ ಭರದಿಂದ ಸಾಗಿದೆ. ಮಾರಾಟಗಾರರು ಲೇಖನಿಯಂತಹ ಒಂದು ಮಾಪಕವನ್ನು ನೀರಿನಲ್ಲಿ ಅದ್ದಿ ಒಂದು ಅಂಕಿಯನ್ನು ತೋರಿಸುತ್ತಾರೆ. ಟಿ.ಡಿ.ಎಸ್. ಮಾಪಕವೆಂಬ ಇದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಅದರಿಂದ ಒಟ್ಟು ಲವಣಾಂಶವನ್ನು ಅಂದಾಜು ಮಾಡುತ್ತದೆ. ರೋಗಾಣುಗಳು ಅದಕ್ಕೆ ಕಾಣುವುದಿಲ್ಲ. ಅಂಕಿ ಎಷ್ಟೇ ಇದ್ದರೂ ಅದು ನೈಟ್ರೇಟಿನದೋ ಫ್ಲೋರೈಡಿನದೋ ಅಡುಗೆ ಉಪ್ಪಿನದೋ ಎಂಬುದನ್ನು ಅದು ಹೇಳಲಾರದು.

ಇನ್ನು ಕೆಲವರು ಎರಡು ಲೋಟಗಳಲ್ಲಿ ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ ಹಾಯಿಸುತ್ತಾರೆ. ನಲ್ಲಿಯ ನೀರು ಕೆಸರಿನಂತೆ ಕಂದಾಗುತ್ತದೆ. ಯಂತ್ರದ ನೀರು ತಿಳಿಯಾಗಿಯೇ ಉಳಿಯುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಆದರೆ ಆ ಕಂದು ಬಣ್ಣ ನೀರಿನಲ್ಲಿದ್ದ ಕೊಳೆಯಲ್ಲ. ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಇಲ್ಲದುದರಲ್ಲಿ ಹರಿಯುವುದಿಲ್ಲ. ಒಂದು ಚಿಟಿಕೆ ಉಪ್ಪನ್ನು ಯಂತ್ರದ ನೀರಿಗೆ ಹಾಕಿದರೆ ಅದೂ ಹಾಗೆಯೇ ಕಂದಾಗುತ್ತದೆ. ಇಂತಹ ಪ್ರದರ್ಶನದ ಮುಂದೆ ಯಾವ ಮನೆಯ ಬೇಳೆಯಾದರೂ ಬೇಯಬಹುದು, ಮಾರಾಟಗಾರನ ಬೇಳೆ ಬೇಯಬಾರದು.

ಆರ್.ಓ. ಯಂತ್ರ ನಿರುಪಯುಕ್ತವೆಂದು ಇದರ ಅರ್ಥವಲ್ಲ. ಲವಣಾಂಶ ಬಹಳ ಹೆಚ್ಚಿರುವಲ್ಲಿ, ನೈಟ್ರೇಟ್ ಅಥವಾ ಫ್ಲೋರೈಡ್ ಮಿತಿ ಮೀರಿರುವಲ್ಲಿ ಅದು ನಿಜಕ್ಕೂ ನೆರವಾಗುತ್ತದೆ. ಆದರೆ ಅದು ಒಳಗೆ ಹೋದ ನೀರಿನಲ್ಲಿ ದೊಡ್ಡ ಪಾಲನ್ನು ಹೊರಚೆಲ್ಲುತ್ತದೆ. ಬರಪೀಡಿತ ನಾಡಿನಲ್ಲಿ ಈ ನಷ್ಟ ಅಲ್ಪವಲ್ಲ. ಒಟ್ಟು ಲವಣಾಂಶ 500 ಮಿಲಿಗ್ರಾಂಗಿಂತ ಕಡಿಮೆಯಿರುವ ಕಡೆ ಇಂತಹ ಯಂತ್ರಗಳನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2019ರಲ್ಲಿ ಸೂಚಿಸಿದ್ದು ಈ ಕಾರಣದಿಂದಲೇ.

ಗಡಸುತನವೊಂದೇ ತೊಂದರೆಯಾದರೆ ಅಯಾನು ವಿನಿಮಯದ ಮೆದುಕಾರಕ ಸಾಕು. ಇದರ ಹಿಂದಿನ ತತ್ತ್ವ ರೂಪುಗೊಂಡದ್ದು ಜಿಯೋಲೈಟ್ ಎಂಬ ಖನಿಜವರ್ಗದಿಂದ. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಇದನ್ನು ನೀರು ಮೆದುಗೊಳಿಸಲು ಬಳಕೆಗೆ ತಂದರು. ಇದೇ ಜಿಯೋಲೈಟ್ ಪುಣೆಯ ಸುತ್ತಲಿನ ಬಸಾಲ್ಟಿನ ಪೊಟರೆಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಈ ಸಾಧನ ಕ್ಯಾಲ್ಸಿಯಮನ್ನು ಹಿಡಿದಿಟ್ಟು ಬದಲಿಗೆ ಸೋಡಿಯಮನ್ನು ಬಿಡುತ್ತದೆ. ಆದ್ದರಿಂದ ರಕ್ತದೊತ್ತಡದ ಕಾರಣ ಉಪ್ಪು ಕಡಿಮೆ ಮಾಡಿದವರು ಅದರ ನೀರನ್ನು ಸ್ನಾನ, ಬಟ್ಟೆ ಒಗೆತಕ್ಕೆ ಮಾತ್ರ ಬಳಸುವುದು ಮೇಲು. ಅದು ರೋಗಾಣುಗಳನ್ನು ಕೊಲ್ಲುವುದಿಲ್ಲ ಎಂಬುದನ್ನೂ ಮರೆಯಬಾರದು. ಹಾಗೆಯೇ ಪಟಿಕ ಹಾಕುವುದರಿಂದ ನೀರಿನ ಕದಡು ಇಳಿಯುತ್ತದೆ; ಗಡಸುತನ ಇಳಿಯುವುದಿಲ್ಲ.

ಮನೆಮಂದಿಯ ಕರ್ತವ್ಯ

ಹಾಗಾದರೆ ಒಂದು ಸಾಮಾನ್ಯ ಕುಟುಂಬ ಏನು ಮಾಡಬೇಕು? ಮೊದಲನೆಯದಾಗಿ, ತಮ್ಮ ನಲ್ಲಿಗೆ ಬರುವ ನೀರು ನದಿಯದೋ ಕೊಳವೆಬಾವಿಯದೋ ಎಂಬುದನ್ನು ತಿಳಿದುಕೊಳ್ಳಬೇಕು. ಬೇಸಿಗೆಯಲ್ಲಿ ಎರಡೂ ಬೆರೆಯುವುದುಂಟು. ಎರಡನೆಯದಾಗಿ, ವರ್ಷಕ್ಕೆರಡು ಬಾರಿ, ಅಂದರೆ ಬೇಸಿಗೆಯ ಕೊನೆಯಲ್ಲಿ ಮತ್ತು ಮಳೆಗಾಲ ಆರಂಭವಾದ ಬಳಿಕ, ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಲವಣಗಳ ಪರೀಕ್ಷೆಗೆ ಶುಭ್ರವಾದ ಶೀಶೆ ಸಾಕು. ರೋಗಾಣುಗಳ ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ನಿರ್ಜೀವೀಕರಿಸಿದ ಶೀಶೆಯಲ್ಲಿ ಹಿಡಿದು, ತಂಪಾಗಿಟ್ಟು, ಅದೇ ದಿನ ತಲುಪಿಸಬೇಕು. 2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆಯಲಾಗಿದೆ. ಗ್ರಾಮಗಳಲ್ಲಿ ಪರೀಕ್ಷಾ ಪೆಟ್ಟಿಗೆ ಬಳಸಲು ಮಹಿಳೆಯರಿಗೆ ತರಬೇತಿಯನ್ನೂ ನೀಡಲಾಗುತ್ತಿದೆ.

ಮೂರನೆಯದಾಗಿ, ವರದಿ ಬಂದಾಗ ಅದನ್ನು ಓದುವ ಕ್ರಮ ತಿಳಿದಿರಬೇಕು. ಮೊದಲು ಇ. ಕೋಲಿ, ಆಮೇಲೆ ನೈಟ್ರೇಟ್ ಮತ್ತು ಫ್ಲೋರೈಡ್, ಕೊನೆಗೆ ಗಡಸುತನ ಮತ್ತು ಲವಣಾಂಶ. ಬಹುಮಂದಿ ಇದನ್ನು ತಲೆಕೆಳಗಾಗಿ ಓದುತ್ತಾರೆ. ರೋಗಾಣುಗಳ ಸಂಶಯವಿದ್ದರೆ ನೀರು ಉಕ್ಕಿ ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಬೇಕು. ಇಲ್ಲವೇ ಕ್ಲೋರಿನ್ ಗುಳಿಗೆಯನ್ನು ಸೂಚಿತ ಪ್ರಮಾಣದಲ್ಲಿ ಹಾಕಿ ಅರ್ಧ ಗಂಟೆ ಬಿಡಬೇಕು. ನೈಟ್ರೇಟ್, ಫ್ಲೋರೈಡ್ ಮಿತಿ ಮೀರಿದ್ದರೆ ಕುಡಿಯಲು ಬೇರೆ ಮೂಲವನ್ನು ಅರಸಬೇಕು. ಗಡಸುತನ ಮಾತ್ರ ಹೆಚ್ಚಿದ್ದರೆ ಆತಂಕಕ್ಕೆ ಕಾರಣವಿಲ್ಲ. ಬೇಳೆ ಬೇಯಿಸಲು ಕುದಿಸಿ ತಿಳಿದೆಗೆದ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಬಳಸಿದರಾಯಿತು.

ನಾಲ್ಕನೆಯದಾಗಿ, ಶುದ್ಧ ನೀರು ಮನೆಯೊಳಗೇ ಕೆಡದಂತೆ ನೋಡಿಕೊಳ್ಳಬೇಕು. ಕೊಡಕ್ಕೆ ಮುಚ್ಚಳವಿರಲಿ, ಕೈ ಅದ್ದದೆ, ಉದ್ದ ಹಿಡಿಕೆಯ ಪಾತ್ರೆಯಿಂದ ನೀರು ತೆಗೆಯುವ ರೂಢಿ ಇರಲಿ. ತೊಟ್ಟಿಯನ್ನು ಕಾಲಕಾಲಕ್ಕೆ ತೊಳೆಯಬೇಕು.

ಕೊನೆಯದಾಗಿ ಒಂದು ಮಾತು. ಭೀಮೆಯ ದಂಡೆಯ ಒಂದು ಊರಿನವರು ಚೆಲ್ಲಿದ್ದು ಕೆಳಗಿನ ಊರಿನವರ ಕೊಡವನ್ನು ಸೇರುತ್ತದೆ. ಪುಣೆಯ ಚರಂಡಿ, ಇಂದಾಪುರದ ಹಿನ್ನೀರು, ಸೋಲಾಪುರದ ನಲ್ಲಿ, ಅಫಜಲಪುರದ ನದಿಘಟ್ಟ, ಇವು ಒಂದೇ ಹರಿವಿನ ನೆಲೆಗಳು. ಮನೆಯ ಯಂತ್ರ ಒಂದು ಮನೆಯನ್ನು ಕಾಯಬಹುದು, ನದಿಯನ್ನು ಕಾಯಲಾರದು. ತನ್ನ ನಲ್ಲಿಯ ನೀರಿನಲ್ಲಿ ಏನಿದೆಯೆಂದು ತಿಳಿದ ನಾಗರಿಕ ಮಾತ್ರ ಪುರಸಭೆಯನ್ನಾಗಲಿ ಪಂಚಾಯಿತಿಯನ್ನಾಗಲಿ ಸರಿಯಾದ ಪ್ರಶ್ನೆ ಕೇಳಬಲ್ಲ. ನೀರು ಗಡಸೇ ಎಂದು ಕೇಳುವುದಕ್ಕೆ ಮೊದಲು, ನಲ್ಲಿಯಲ್ಲಿ ಕ್ಲೋರಿನ್ ಉಳಿದಿದೆಯೇ, ಕಳೆದ ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳುವ ಅಭ್ಯಾಸ ಪ್ರತಿ ಮನೆಯಲ್ಲಿಯೂ ಬೆಳೆಯಲಿ.